ಜೀನ್ಸ್ ಸೀಟಿನ ರಾಜದೂತ್

ಬಳ್ಳಾರಿಯಲ್ಲಿ ಅದಿರಿನ ದುಡ್ಡು ಕುಣಿಯುತ್ತಿದ್ದ ಆ ವರ್ಷಗಳಲ್ಲಿ ಹೊಸ ಗಾಡಿ ಇಲ್ಲದವನನ್ನು ಮನುಷ್ಯನೆಂದು ಎಣಿಸುವವರೇ ಇರಲಿಲ್ಲ. ನಿನ್ನೆ ಮೊನ್ನೆ ಸೈಕಲ್ ತುಳಿಯುತ್ತಿದ್ದವರೂ ಕಪ್ಪು ಕನ್ನಡಕ ಏರಿಸಿಕೊಂಡು ಮಿರಮಿರ ಮಿಂಚುವ ಬೈಕಿನ ಮೇಲೆ ಓಡಾಡುತ್ತಿದ್ದರು. ಓಡಾಡಲು ರಸ್ತೆಯಾದರೂ ಎಲ್ಲಿತ್ತು ಅನ್ನಿ! ಲಾರಿಗಳು ಅದನ್ನು ಅರೆದು ಹಾಕಿದ್ದವು. ಮಿಂಚುವ ಬೈಕುಗಳೆಲ್ಲ ಗುಂಡಿಗೆ ಬಿದ್ದು, ಕೆಂಪು ಧೂಳು ಕುಡಿದು, ವರ್ಷ ತುಂಬುವ ಮೊದಲೇ ಮುಖ ಬಾಡಿಸಿಕೊಳ್ಳುತ್ತಿದ್ದವು. ಆದರೂ ಯಾರಿಗೂ ಬುದ್ಧಿ ಬರಲಿಲ್ಲ.

ಬಂದದ್ದು ಕುರುಗೋಡಿನ ಇನಾಯತ್‌ಗೆ. ಬಳ್ಳಾರಿಯಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನು ವೆಲ್ಡಿಂಗ್ ಮಾಡುತ್ತಿದ್ದ. ದಿನವೂ ಆ ಹಾಳು ರಸ್ತೆಯಲ್ಲೇ ಹೋಗಿಬರಬೇಕು. ಹಾಲು ಮಾರುವವರು ಹೊಡೆದು ಹೊಡೆದು ಬಿಟ್ಟ ಹಳೇ ರಾಜದೂತ್ ಬೈಕೊಂದನ್ನು ತಂದು ಬಿಚ್ಚಿ ಹರವಿದ. ಹ್ಯಾಂಡಲ್ ಎತ್ತರಿಸಿದ. ಸೈಲೆನ್ಸರು ಕಲ್ಲಿಗೆ ಬಡಿಯದಂತೆ ಪಕ್ಕಕ್ಕೆ ಮೇಲೆತ್ತಿ ಕಟ್ಟಿದ. ದಪ್ಪ ಹಲ್ಲಿನ ಟೈರು ಹಾಕಿದ. ಮುಂದಿನ ದುಂಡು ದೀಪ, ಹಳೇ ಟ್ಯಾಂಕು ಮಾತ್ರ ಹಾಗೇ ಇರಲಿ ಎಂದು ಬಿಟ್ಟ. "ಇದಕ್ಕ ಸ್ಕ್ರ್ಯಾಂಬ್ಲರ್ ಅಂತಾರ, ಹಾಳ ದಾರಿಗಂತನ ಮಾಡಿದ ಗಾಡಿ" ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ಅವರು ಗುಜರಿ ಅಂದರು.

ಗುಜರಿ ಅನ್ನದವಳು ನಿಶಾತ್ ಒಬ್ಬಳೇ. ಕೌಲ್‌ಬಜಾರಿನ ಮನೆಯಲ್ಲಿ ಮಷಿನ್ ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಯುವ ಹುಡುಗಿ. ರೆಕ್ಸಿನ್ ಸೀಟು ಬಿಸಿಲಿಗೆ ರೊಟ್ಟಿ ಹಂಚಿನಂತೆ ಕಾಯುತ್ತದೆ, ಜೀನ್ಸ್ ಬಟ್ಟೆಯ ಕವರು ಹೊಲಿದುಕೊಡಿ ಎಂದು ಇನಾಯತ್ ಅವಳ ಬಾಗಿಲಿಗೆ ಬಂದ. ಹೊಲಿದು ಹಾಕಿದ ಮೇಲೆ, "ಕುಂತು ನೋಡದ ಹೆಂಗ ಗೊತ್ತಾಗತೈತಿ?" ಎಂದು ಅವಳು ಹತ್ತಿ ಕುಳಿತೇಬಿಟ್ಟಳು. ದಿನವಿಡೀ ಮಷಿನ್ ಮೇಲೆ ಬಗ್ಗಿ ಸೋತಿದ್ದ ಬೆನ್ನು, ಆ ಎತ್ತರದ ಹ್ಯಾಂಡಲ್ ಹಿಡಿದೊಡನೆ ತಾನಾಗಿಯೇ ನೆಟ್ಟಗಾಯಿತು. ತೆಕ್ಕಲಕೋಟೆಯ ಸೋದರಮಾವನ ಬೈಕಿನಲ್ಲಿ, ಗದ್ದೆಯ ದಾರಿಗಳಲ್ಲಿ ಬಿದ್ದೆದ್ದು ಅವಳು ಗಾಡಿ ಕಲಿತಿದ್ದಳು. ಓಣಿಯ ತುದಿಯವರೆಗೆ ಹೋಗಿಬಂದಳು. ಗುಂಡಿಗಳು ಬಂದವು, ಹೋದವು. ಸೊಂಟಕ್ಕೆ ಗೊತ್ತೇ ಆಗಲಿಲ್ಲ. ಇಳಿಯುವ ಹೊತ್ತಿಗೆ ಗಾಡಿಯ ಮೇಲೂ ಮನಸ್ಸಾಗಿತ್ತು, ಗಾಡಿಯವನ ಮೇಲೂ. ಮೊದಲು ಯಾವುದರ ಮೇಲೆ ಎಂದು ಕೇಳಿದರೆ ಇವತ್ತಿಗೂ ನಕ್ಕುಬಿಡುತ್ತಾಳೆ.

ಎರಡೂ ಮನೆಯವರು ಮದುವೆಗೆ ಒಪ್ಪಿದರು. ತೊಡಕು ಬಂದದ್ದು ನಿಶಾತಳ ಅಪ್ಪ ಲಾಲಸಾಬನಿಂದ. ಒಂದು ಲಾರಿಯನ್ನು ಅದಿರು ಸಾಗಿಸಲು ಬಿಟ್ಟು ನಾಲ್ಕು ಕಾಸು ಕಂಡವನು, ಅಳಿಯನಿಗೆಂದು ಹೊಸ ಬೈಕು ತಂದು, ಸೀಟಿನ ಪ್ಲಾಸ್ಟಿಕ್ ಕೂಡ ಕೀಳದೆ, ಓಣಿಯೆಲ್ಲ ನೋಡಲೆಂದು ಬಾಗಿಲ ಮುಂದೆ ನಿಲ್ಲಿಸಿದ.

"ಚಾಚಾ, ನನಗ ಗಾಡಿ ಐತ್ರಿ. ಹುಡುಗೀನ ಕೊಡಾಕತ್ತೀರಿ, ಅಷ್ಟ ಸಾಕು," ಅಂದ ಇನಾಯತ್.

ಲಾಲಸಾಬನಿಗೆ ಮುಖಕ್ಕೆ ಹೊಡೆದಂತಾಯಿತು. "ಮಂದಿ ಏನಂತಾರ? ಲಾಲಸಾಬನ ಕಡೆ ಕೊಡಾಕ ಏನೂ ಇರಲಿಲ್ಲ ಅಂತಾರ! ಆ ಗುಜರಿ ಮಾರಿ ಇದನ್ನ ತಗೊಂಡ್ರ ನಿಕಾಹ್. ಇಲ್ಲಾಂದ್ರ ಇಲ್ಲ."

ಇನಾಯತ್ ಬಗ್ಗಿದ. ಪಾಪ, ಹುಡುಗಿ ಕೈತಪ್ಪೀತೆಂಬ ಭಯ. ನಿಕಾಹದ ಮರುದಿನವೇ ಸಿರುಗುಪ್ಪದ ಗುಜರಿಯವನು ಬಂದು ರಾಜದೂತ್ ಒಯ್ಯುವುದೆಂದು ಮಾತಾಯಿತು.

ನಿಶಾತಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಮೇಲೆ ಸಿಟ್ಟು, ತಲೆ ತಗ್ಗಿಸಿದವನ ಮೇಲೆ ಇನ್ನೂ ಸಿಟ್ಟು. "ಕಬ್ಬಿಣದ ಸಲುವಾಗಿ ಮದುವಿ ಮುರಕೋತಿಯೇನ?" ಎಂದು ತಾಯಿ ಗುಲ್ಜಾರಬೀ ಗದರಿದಳು. ಮದುವೆಯೂ ಮುರಿಯಬಾರದು, ಗಾಡಿಯೂ ಹೋಗಬಾರದು. ನಿಶಾತ್ ಬಾಯಿ ಮುಚ್ಚಿಕೊಂಡು ಮಷಿನ್ ತುಳಿದಳು. ಸದ್ಯ ಹಾದಿಗೆ ಬಂದಳು ಎಂದು ಎಲ್ಲರೂ ತಿಳಿದರು.

ನಿಕಾಹದಲ್ಲಿ ಗಂಡು ಹೆಣ್ಣಿಗೆ ಮಹರ್ ಕೊಡಬೇಕು. ಅದು ಅವಳ ಸ್ವಂತದ್ದು, ಅಪ್ಪನಾಗಲಿ ಗಂಡನಾಗಲಿ ಮುಟ್ಟುವಂತಿಲ್ಲ. ಎಷ್ಟೆಂಬುದನ್ನು ಗಂಡಸರೇ ಚಹಾ ಕುಡಿಯುತ್ತ ಗೊತ್ತುಮಾಡಿದ್ದರು. ಯಾರ ಕೈಗೆ ಸೇರಬೇಕೋ ಅವಳನ್ನು ಕೇಳಿರಲಿಲ್ಲ. ಕೇಳುವ ರೂಢಿಯೇ ಇರಲಿಲ್ಲ.

ನಿಕಾಹದ ದಿನ ಸೋದರಮಾವ ಮುಸ್ತಾಕ್ ಇಬ್ಬರು ಸಾಕ್ಷಿಗಳ ಜೊತೆ ಅವಳ ಒಪ್ಪಿಗೆ ಕೇಳಲು ಹೆಂಗಸರ ಕೋಣೆಗೆ ಬಂದ. ಹುಡುಗಿಯರು ತಲೆಯಾಡಿಸಿ ಮುಗಿಸುವ ಶಾಸ್ತ್ರ ಅದು.

"ಗೊತ್ತಾದ ಮಹರಿಗೆ ಇನಾಯತ್ ಜೋಡಿ ನಿನ್ನ ನಿಕಾಹ್. ಕಬೂಲ್ ಐತೇನವಾ?"

"ಇನಾಯತ್ ಕಬೂಲ್ ಅದಾರ, ಮಾಮಾ. ಮಹರ್ ಕಬೂಲ್ ಇಲ್ಲ."

ಮುಸ್ತಾಕ್ ಸಾಕ್ಷಿಗಳ ಮುಖ ನೋಡಿದ.

"ಮತ್ತೇನು ಬೇಕು ನಿನಗ?"

"ಅವರ ರಾಜದೂತ್. ಅದನ್ನ ಬರೀರಿ, ಹೂಂ ಅಂತೀನಿ."

ಲಾಲಸಾಬ್ ಶಾಮಿಯಾನದಿಂದ ದಡದಡ ಬಂದ. "ಏನ ಹುಚ್ಚಾಟ ಇದು, ನೆಂಟರ ಮುಂದ?" ಬೈದ, ಬೇಡಿಕೊಂಡ. ಮುಸುಕಿನೊಳಗೆ ಕುಳಿತವಳು ಕದಲಲಿಲ್ಲ. ಕೊನೆಗೆ ಖಾಜಿಯವರನ್ನು ಕೇಳಿದರೆ ಅವರು, "ಮಹರ್ ಹುಡುಗಿ ಹಕ್ಕು. ಬೆಲಿ ಇರೋ ವಸ್ತು ಐತಿ, ಹುಡುಗ ಒಪ್ಪಿದ್ರ ಆತು," ಎಂದುಬಿಟ್ಟರು. ಮುಖಕ್ಕೆ ಇಳಿಬಿಟ್ಟ ಹೂಮಾಲೆಗಳ ಒಳಗಿಂದ ಇನಾಯತ್ ಕೂಗಿದ "ಕಬೂಲ್" ಅಡುಗೆಯವರಿಗೂ ಕೇಳಿಸಿತು. ಮರುದಿನ ಬಂದ ಗುಜರಿಯವನು ಬರಿಗೈಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದ.

ಮಗಳನ್ನು ಕಳಿಸಿಕೊಡುವಾಗ ಲಾಲಸಾಬ್ ಮುಖ ತೋರಿಸಲಿಲ್ಲ. ಅದು ಅವಳಿಗೆ ನೋಯಿತು, ಬಹಳ ನೋಯಿತು. ಕುರುಗೋಡು ಮುಟ್ಟುವವರೆಗೂ ಅತ್ತಳು. ಕೇಳಿದ್ದು ತಪ್ಪು ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ಮದುವೆಯ ನಂತರದ ಶುಕ್ರವಾರ ಹೊಸ ಜೋಡಿಯನ್ನು ತವರಿಗೆ ಊಟಕ್ಕೆ ಕರೆಯುತ್ತಾರೆ. ಜುಮಾಗಿ ಅನ್ನುತ್ತಾರೆ ಅದಕ್ಕೆ. ಗುಲ್ಜಾರಬೀ ಫೋನಿನಲ್ಲಿ ಪಿಸುಗುಟ್ಟಿದಳು: "ಆಟೋದಾಗ ಬರ್ರಿ. ಆ ಗಾಡೀನ ತರೋದಾದ್ರ ಕತ್ತಲಾದ ಮ್ಯಾಲೆ ಬರ್ರಿ. ನಿಮ್ಮಪ್ಪನ ಸಿಟ್ಟು ಇಳಿದಿಲ್ಲ."

ನಿಶಾತ್ ಬಂದದ್ದು ನಡು ಮಧ್ಯಾಹ್ನ, ನಮಾಜು ಮುಗಿಸಿದ ಗಂಡಸರೆಲ್ಲ ಓಣಿಯಲ್ಲಿ ನಿಂತು ಮಾತಾಡುವ ಹೊತ್ತಿಗೆ. ಹ್ಯಾಂಡಲ್ ಅವಳ ಕೈಯಲ್ಲಿ. ಹಿಂದೆ ಮಿಠಾಯಿ ಡಬ್ಬಿ ಹಿಡಿದ ಇನಾಯತ್. ಇಬ್ಬರ ಹುಬ್ಬಿನ ಮೇಲೂ ಕೆಂಪು ಧೂಳು. ರಾಜದೂತಿನ ಡಬಡಬಕ್ಕೆ ಓಣಿಯೆಲ್ಲ ತಿರುಗಿ ನೋಡಿತು. ಬಾಗಿಲಲ್ಲಿ ಲಾಲಸಾಬ್ ನಿಂತಿದ್ದ. ಪಕ್ಕದಲ್ಲಿ ಯಾರೂ ಹತ್ತದ ಹೊಸ ಬೈಕು, ಪ್ಲಾಸ್ಟಿಕ್ ಸಮೇತ.

"ಲಗೂನ ಒಳಗ ತಳ್ಳು ಅದನ್ನ," ಎಂದು ಹಲ್ಲು ಕಚ್ಚಿ ಅಂದ. "ಮಂದಿ ನೋಡಾಕತ್ತಾರ."

ನಿಶಾತ್ ಗಾಡಿಯನ್ನು ಆ ಹೊಸ ಬೈಕಿನ ಪಕ್ಕಕ್ಕೇ ತಂದು ಸ್ಟ್ಯಾಂಡ್ ಹಾಕಿದಳು.

"ನೋಡ್ಲಿ ಅಂತನ ಹಗಲಾಗ ಬಂದೀನಿ, ಅಪ್ಪಾ."