ಸೈನ್ ಅಪ್ ಮಾಡದ ದೊಡ್ಡವ್ವ

ಈಗೀಗ ಎಲ್ಲದಕ್ಕೂ ‘ಸೈನ್ ಅಪ್ ಮಾಡ್ರಿ’. ಯೋಗ ಕಲಿಯಬೇಕೆ, ಸೈನ್ ಅಪ್ ಮಾಡ್ರಿ. ಗಾಂಧಿನಗರದ ನಮ್ಮ ಓಣಿಯವರ ಜೊತೆ ಹಂಪಿಗೆ ಹೋಗಬೇಕೆ, ಸೈನ್ ಅಪ್ ಮಾಡ್ರಿ. ಮಾಡಿಕೊಳ್ಳಲಿ, ನನಗೇನು! ಆದರೆ ಪಾರ್ವತಿನಗರದಲ್ಲಿರುವ ನನ್ನ ತಂಗಿ ತನ್ನ ಮಗಳ ಮದುವೆಗೂ ಆ ಮಾತನ್ನು ತಂದಾಗ ನನಗೆ ಮೈಯೆಲ್ಲ ಉರಿಯಿತು. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಳು: ಅರಿಶಿಣದ ದಿನ ಹಾಡುವವರು, ಕುಣಿಯುವವರು ಸೈನ್ ಅಪ್ ಮಾಡಿ.

ನಮ್ಮ ಮನೆತನದ ಮದುವೆಗಳಲ್ಲಿ ಅರಿಶಿಣ ಹಚ್ಚುವಾಗ ಸೋಬಾನೆ ಹಾಡುವವಳು ಅವ್ವನ ಅಕ್ಕ, ಕುರುಗೋಡಿನ ದೊಡ್ಡವ್ವ. ಅವಳು ದನಿ ತೆಗೆದರೆ ಒಲೆ ಮುಂದಿದ್ದವರೂ ಸೌಟು ಬಿಟ್ಟು ಬರುತ್ತಿದ್ದರು. ಆದರೆ ಹಾಡುವವರು ತಾವಾಗಿ ಬಾಯಿ ತೆರೆಯುವುದಿಲ್ಲ. ಮದುವೆಗೆ ಕರೆದದ್ದು ಬೇರೆ, ಹಾಡಿಗೆ ಕರೆಯುವುದು ಬೇರೆ. ಮದುಮಗಳ ತಾಯಿ ಕುಂಕುಮದ ಬಟ್ಟಲು ಹಿಡಿದು ಬಂದು, ಹಣೆಗೆ ಹಚ್ಚಿ, ‘ಹಾಡಾಕ ಬಾರವ್ವ’ ಎನ್ನಬೇಕು.

ದೊಡ್ಡವ್ವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

“ಹಂಗಂದ್ರ?” ಎಂದಳು.

“ಹಾಡ್ತೀನಿ ಅಂತ ನಿನ್ನ ಹೆಸರು ನೀನ ಬರಸಬೇಕಂತ.”

“ನಾನ? ನಾಚಿಕಿ ಬಿಟ್ಟಾಕಿ ಆದ್ನೇನು ನಾನು?”

ತಂಗಿಯ ಮನೆಗೇ ಹೋದೆ. “ನೀನ ಹೋಗಿ ದೊಡ್ಡವ್ವನ್ನ ಕರಿ. ಕುರುಗೋಡು ಏನು ಕಾಶ್ಯಾಗೈತೇನು?”

“ಒಬ್ರನ್ನ ಕರದ್ರ ಎಲ್ರನ್ನೂ ಕರೀಬೇಕಕ್ಕಾ. ಸೈನ್ ಅಪ್ ಮಾಡಿದ್ರ ಆಕಿ ಗಂಟೇನು ಹೋಗ್ತೈತಿ?”

ಏನು ಹೇಳಲಿ ಈ ಮಹಾತಾಯಿಗೆ!

ಮದುವೆ ಸಿರುಗುಪ್ಪದಲ್ಲಿ. ಅರಿಶಿಣದ ಹೊತ್ತಿಗೆ ದೊಡ್ಡವ್ವ ದೊಡ್ಡಪ್ಪನ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಕರೆದೇ ಕರೆಯುತ್ತಾರೆಂದು ಗಂಟಲು ಸರಿಮಾಡಿಕೊಂಡದ್ದನ್ನು ನಾನೇ ಕಂಡೆ. ಹೆಸರು ಕೊಟ್ಟಿದ್ದ ಹುಡುಗಿಯರು ಸ್ಪೀಕರ್ ಹಚ್ಚಿ ತೆಲುಗು ಸಿನಿಮಾ ಹಾಡಿಗೆ ಕುಣಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಚೆನ್ನಾಗಿಯೇ ಕುಣಿದರು. ನನ್ನ ತಂಗಿ ಮಾತ್ರ ದೊಡ್ಡವ್ವನ ಮುಂದೆಯೇ ಓಡಾಡಿದಳು, ಒಮ್ಮೆಯೂ ನಿಲ್ಲಲಿಲ್ಲ.

ತಡೆಯಲಾಗದೆ ನಾನೇ ಕುಂಕುಮದ ಬಟ್ಟಲು ಎತ್ತಿಕೊಂಡು ಹೋದೆ. ದೊಡ್ಡವ್ವ ನನ್ನ ಕೈ ಹಿಡಿದಳು.

“ನೀ ಕರದ್ರ ಆಗಂಗಿಲ್ಲವ್ವ. ಹೆತ್ತಾಕಿ ಕರೀಬೇಕು.”

ಅರಿಶಿಣ ಹಚ್ಚಿದ್ದಾಯಿತು, ಆರತಿಯೂ ಆಯಿತು. ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಸೋಬಾನೆಯಿಲ್ಲದೆ ಮಣೆಯಿಂದ ಎದ್ದಳು. ಥೂ, ಇದೂ ಒಂದು ಅರಿಶಿಣವೇ!

ಊಟದ ಹೊತ್ತಿನಲ್ಲಿ ತಂಗಿ ನಗುತ್ತ ಬಂದಳು. “ಯಾಕ ದೊಡ್ಡವ್ವ, ಒಂದರ ಹಾಡು ಹಾಡಬಾರದಿತ್ತಾ? ಸೈನ್ ಅಪ್ ಮಾಡಿದ್ರ ಆಗ್ತಿತ್ತಲ್ಲ!”

ದೊಡ್ಡವ್ವ ಉಣ್ಣುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. “ನಿನ್ನ ಮದುವ್ಯಾಗ ನಾನ ಹಾಡಿದ್ದು. ನಡು ಬ್ಯಾಸಿಗ್ಯಾಗ ತೆಕ್ಕಲಕೋಟಿಯಿಂದ ನಿಮ್ಮವ್ವ ನಮ್ಮ ಮನಿತನಕ ಬಂದು ಕರದಿದ್ಲು. ಒಡಹುಟ್ಟಿದಾಕಿ ನಾನು, ಹೊರಗಿನಾಕಿ ಅಲ್ಲ. ಆದ್ರೂ ಬಂದಿದ್ಲು.”

ಅವ್ವ ಈಗಿಲ್ಲ. ತಂಗಿಯ ನಗು ಅಲ್ಲೇ ಇಂಗಿತು.

“ಈಗ ಕರೀಲೇನು ದೊಡ್ಡವ್ವ?” ಎಂದಳು, ಸಣ್ಣ ದನಿಯಲ್ಲಿ.

“ನಿನ್ನ ಮಗಳು ಅರಿಶಿಣ ತೊಳಕೊಂಡಾಳಲ್ಲವ್ವ,” ಎಂದು ದೊಡ್ಡವ್ವ ಎಲೆ ಮಡಚಿದಳು.