ಮೀಟರಿನ ಪ್ರಕಾರ ಮನೆಯಲ್ಲಿ ಯಾರೂ ಇಲ್ಲ

ಕರೆಂಟ್ ಮೀಟರು ನಿಮ್ಮ ಬಾಗಿಲ ಪಕ್ಕದ ಗೋಡೆಯ ಮೇಲೇ ಇರಬಹುದು. ಆದರೆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅದು ಅವರಿಗೇ ವರದಿ ಒಪ್ಪಿಸುತ್ತದೆ. ಬಾಡಿಗೆ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕಿತ್ತು. ಗೊತ್ತಿಲ್ಲ. ಮೇನಕ್ಕನಿಗೂ ಗೊತ್ತಿರಲಿಲ್ಲ.

ಈ ಮೇನಕ್ಕ ಇಂದ್ರನ ಸಭೆಯಲ್ಲಿ ಕುಣಿದವಳಲ್ಲ, ಬಟ್ಟೆ ಹೊಲಿಯುವವಳು. ಸಾಲುಮನೆಯ ನಡುವಿನ ಮನೆಯಲ್ಲಿ, ಬೀದಿಯ ಕಡೆಯ ಕಿಟಕಿಗೆ ಮೈಯೊಡ್ಡಿ ಕೂತು, ಅತ್ತೆಯ ಕಾಲದ ಕಾಲುಮೆಷಿನ್ನು ತುಳಿಯುತ್ತ ಅಂಗಿ, ಪರದೆ, ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಇಸ್ತ್ರಿಗೆ ಇದ್ದಿಲ ಪೆಟ್ಟಿಗೆ, ಬೆಳಕಿಗೆ ಸೂರ್ಯ. ಗಂಡ ತೀರಿಕೊಂಡ ಮೇಲೆ ಜೊತೆಗಿರುವವಳು ನಾದಿನಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಬಾಯಿ ಮಾತ್ರ ವಿಭಾಗಕ್ಕೆ ಸೀಮಿತವಲ್ಲ. ಮೇನಕ್ಕ ಎಂದು ಹೆಸರಿಟ್ಟವಳೂ ಅವಳೇ. ಬೆಳಗಿನ ಅಡುಗೆ ಮುಗಿದು ನಾದಿನಿ ಕೆಲಸಕ್ಕೆ ಹೊರಟ ಕೂಡಲೇ ಅತ್ತಿಗೆ ಸ್ಟೂಲು ಹತ್ತಿ ಮೇನ್ ಸ್ವಿಚ್ಚು ಇಳಿಸುತ್ತಾಳೆ. ಸಂಜೆ ನಾದಿನಿಯ ಚಪ್ಪಲಿ ಸದ್ದು ಕೇಳಿದಾಗ ಮತ್ತೆ ಏರಿಸುತ್ತಾಳೆ. ಆ "ಟಕ್" ಕೇಳಿ ಎದುರು ಮನೆಯ ಮಾಜಿ ಬಸ್ ಕಂಡಕ್ಟರು ಗಡಿಯಾರ ಸರಿಮಾಡಿಕೊಳ್ಳುತ್ತಾನೆ ಎಂದು ಸಾಲುಮನೆಯಲ್ಲಿ ತಮಾಷೆ.

ಇದನ್ನು ಜಿಪುಣತನ ಅಂದುಕೊಂಡವರಿದ್ದಾರೆ. ಕಾರಣ ಬೇರೆ. ಅಡುಗೆಮನೆಯ ನಲ್ಲಿಯ ಪಕ್ಕದ ಗೋಡೆ ಮುಟ್ಟಿದರೆ ಜುಮ್ಮೆನ್ನುತ್ತದೆ. ಒಳಗಿನ ವೈರು ಅಜ್ಜನ ಕಾಲದ್ದು, ಅದರ ಹೊದಿಕೆ ಕಿತ್ತು ಹೋಗಿದೆ. ಬದಲಾಯಿಸಿ ಕೊಡಿ ಎಂದು ಮೇನಕ್ಕ ಮನೆಯ ಓನರನ್ನು ಕೇಳಿದ್ದು ಒಂದು ಸಲವಲ್ಲ. "ಸ್ವಲ್ಪ ಜುಮ್ ಅಂದ್ರೆ ರಕ್ತ ಓಡಾಡೋಕೆ ಒಳ್ಳೇದು ಬಿಡಮ್ಮ" ಎಂದು ಆತ ನಕ್ಕಿದ್ದ. ಮೇನಕ್ಕನ ಮಾವ ವೈರ್‌ಮನ್ ಆಗಿದ್ದವರು. ಕೆಲಸವಿಲ್ಲದ ಕರೆಂಟನ್ನು ಮನೆಯೊಳಗೆ ಬಿಟ್ಟುಕೊಳ್ಳುವುದೂ ಕಳ್ಳನಿಗೆ ಚಾಪೆ ಹಾಸುವುದೂ ಒಂದೇ ಎನ್ನುತ್ತಿದ್ದರು. ಓನರು ವೈರು ಬದಲಿಸಲಿಲ್ಲ. ಸೊಸೆ ಮಾವನ ಮಾತು ಪಾಲಿಸಿದಳು. ಅಷ್ಟೇ.

ಹೀಗಿರುವಾಗ ಬೀದಿಗೆಲ್ಲ ಸ್ಮಾರ್ಟ್ ಮೀಟರು ಬಂತು. ವಿದ್ಯುತ್ ಕಚೇರಿಯವರು ಬಂದು ಹೇಳಿದ್ದೆಲ್ಲ ಒಳ್ಳೆಯ ಮಾತೇ: ಯಾವ ಹೊತ್ತಿನಲ್ಲಿ ಎಷ್ಟು ಉರಿಯಿತು ಎಂದು ಫೋನಿನಲ್ಲೇ ನೋಡಬಹುದು, ಎಲ್ಲರೂ ಒಟ್ಟಿಗೆ ಹೀಟರು ಹಾಕುವ ಹೊತ್ತು ತಪ್ಪಿಸಬಹುದು, ಕರೆಂಟು ಹೋದರೆ ಕಚೇರಿಗೆ ತಾನೇ ಗೊತ್ತಾಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಹೇಳದೆ ಬಿಟ್ಟದ್ದು ಮಾತ್ರ ಬಹಳ ಇದೆ.

ಮೀಟರು ಕೂರಿಸಲು ಬಂದವನು ಗೋಡೆ ಕೊರೆದು, ಡಬ್ಬಿ ಸಿಕ್ಕಿಸಿ, ಅದರ ಫೋಟೊ ತೆಗೆದುಕೊಂಡು, ಫೋನ್ ನಂಬರು ಕೇಳಿದ. ಮೇನಕ್ಕ ಬಾಯಿ ಬಿಡಲಿಲ್ಲ. ನಂಬರು ಕೊಟ್ಟವರಿಗೆಲ್ಲ ಆಮೇಲೆ ಸಾಲ ಕೊಡುತ್ತೇವೆ, ಬಹುಮಾನ ಬಂದಿದೆ ಎಂಬ ಕರೆಗಳು ಮುತ್ತಿಕೊಳ್ಳುವುದನ್ನು ಅವಳು ಕಂಡಿದ್ದಳು. ಅವನು ತನ್ನ ಯಂತ್ರ ನೋಡಿ, "ಓನರ್ ನಂಬರ್ ಮೊದಲೇ ಇದೆ, ಬಿಡಿ ಅಕ್ಕ" ಅಂದ. ಸದ್ಯ, ಪೀಡೆ ತಪ್ಪಿತು ಎಂದು ಅವಳು ನಿಟ್ಟುಸಿರು ಬಿಟ್ಟಳು. ಪೀಡೆಗೆ ಬಾಗಿಲು ತೆಗೆದದ್ದು ಆ ನಿಟ್ಟುಸಿರೇ.

ಓನರು ಇರುವುದು ಊರಿನ ಆಚೆ ತುದಿಯಲ್ಲಿ. ಬಾಡಿಗೆ ತಡವಾದರೆ ಹೊರತು ಫೋನು ಮಾಡದ ಮನುಷ್ಯ. ಈಗ ಶುರುವಾಯಿತು. ಏನಮ್ಮ, ಹೋದ ವಾರ ಊರಲ್ಲಿರಲಿಲ್ವಾ? ಏನಮ್ಮ, ನಿನ್ನೆ ಎಂದಿಗಿಂತ ಹೆಚ್ಚು ಹೊತ್ತು ದೀಪ ಉರೀತಿತ್ತು, ನೆಂಟರು ಬಂದಿದ್ರಾ? ಹೋದ ವಾರ ಇವರಿಬ್ಬರೂ ನಿಜವಾಗಿ ಊರಲ್ಲಿರಲಿಲ್ಲ. ನಿನ್ನೆ ಬಂದ ನೆಂಟರೂ ನಿಜ. ಮೇನಕ್ಕನಿಗೆ ಅನ್ನಿಸಿದ್ದು ಒಂದೇ: ಯಾರೋ ಹೇಳುತ್ತಿದ್ದಾರೆ.

ಮೊದಲ ಅನುಮಾನ ಕಂಡಕ್ಟರನ ಮೇಲೆ. ಇಡೀ ದಿನ ಜಗುಲಿಯಲ್ಲಿ ಕೂತು ಹೋಗುವವರು ಬರುವವರಿಗೆಲ್ಲ ಕಣ್ಣಲ್ಲೇ ಟಿಕೆಟು ಹರಿಯುವ ಮನುಷ್ಯ. ಮೇನಕ್ಕ ಕಿಟಕಿಗೆ ಪರದೆ ಹೊಲಿದು ಬಿಟ್ಟಳು. ಬೆಳಕು ಹೋಗಿ ಹೊಲಿಗೆ ಸೊಟ್ಟಗಾಯಿತು. ಓನರನ ಫೋನು ನಿಲ್ಲಲಿಲ್ಲ.

ಪರದೆಯ ಹೊರಗಿನ ಕಣ್ಣಲ್ಲದಿದ್ದರೆ ಒಳಗಿನದೇ ಇರಬೇಕು. ಒಳಗೆ ಇದ್ದವಳು ನಾದಿನಿ. ಯಾವಾಗಲೂ ಕೈಯಲ್ಲಿ ಫೋನು, ಅದರೊಳಗೆ ನಗು. ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಸಿಕ್ಕರೆ ಬಸ್ಸಿನ ಕಾಟ ತಪ್ಪುತ್ತೆ ಎಂದು ಅವಳು ಹಿಂದೊಮ್ಮೆ ಅಂದಿದ್ದು ಈಗ ಬೇರೆ ಬಣ್ಣ ತಳೆದು ನೆನಪಾಯಿತು. ಈ ಮನೆ ಬಿಡಿಸಿದರೆ ಅವಳಿಗೆ ಒಳ್ಳೆಯದೇ ಅಲ್ಲವೇ? ಅನುಮಾನಕ್ಕೆ ಮದ್ದಿಲ್ಲ ಅನ್ನುತ್ತಾರೆ. ಮದ್ದು ಹುಡುಕಲು ಹೋಗಿಯೇ ಮೇನಕ್ಕ ರೋಗ ಹೆಚ್ಚಿಸಿಕೊಂಡಳು.

ಒಂದು ಭಾನುವಾರ ನಾದಿನಿಗೆ ಎರಡು ಪಾಳಿಯ ಕೆಲಸ ಬಿತ್ತು, ಬರುವುದು ಸೋಮವಾರವೇ. ಮೇನಕ್ಕ ತಾನೂ ಅಕ್ಕನ ಮನೆಗೆ ಹೋಗಿ ಬರುತ್ತೇನೆ ಎಂದು ಅವಳಿಗೆ ಹೇಳಿದಳು. ಅವಳಿಗೆ ಮಾತ್ರ. ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಕೂತಳು. ಮನೆಯಲ್ಲಿಲ್ಲದವಳ ಮನೆಯಲ್ಲಿ ದೀಪ ಉರಿಯಬಾರದಲ್ಲ, ಸಂಜೆಯಾದರೂ ಮೇನ್ ಏರಿಸಲಿಲ್ಲ. ತಣ್ಣನೆಯ ಅನ್ನ ತಿಂದು, ಫ್ಯಾನಿಲ್ಲದೆ ಮಲಗಿದಳು. ಮರುದಿನ ಓನರನ ಫೋನು ಬಂತು: "ನಿನ್ನೆ ಪೂರ್ತಿ ಮನೆ ಖಾಲಿ ಇತ್ತಲ್ಲಮ್ಮ."

ಬಲೆಗೆ ಬಿದ್ದದ್ದು ಯಾರು ಎಂದು ಓದುಗರಿಗೆ ಗೊತ್ತಾಗಿರಬೇಕು. ಮೇನಕ್ಕನಿಗೆ ಗೊತ್ತಾಗಲಿಲ್ಲ. ಅವಳ ಪಾಲಿಗೆ ಸಾಕ್ಷಿ ಸಿಕ್ಕಿತ್ತು. ಅವತ್ತಿನಿಂದ ನಾದಿನಿಯ ಜೊತೆ ಮಾತು ನಿಂತಿತು. ಒಂದೇ ಒಲೆ, ಎರಡು ತಟ್ಟೆ, ನಡುವೆ ಗೋಡೆಯಂಥ ಮೌನ. ನಾದಿನಿ ಕೇಳಿದಳು, ಕೆಣಕಿದಳು, ಹಾಲಿಗೆ ಹೆಪ್ಪು ಹಾಕೋಕೆ ನಿಮ್ಮ ಮುಖ ಸಾಕು ಅತ್ತಿಗೆ ಅಂದಳು, ಕೊನೆಗೆ ತಾನೂ ಸುಮ್ಮನಾದಳು. ಬಾಗಿಲ ಪಕ್ಕದ ಡಬ್ಬಿ ಮಾತ್ರ ಕೆಂಪು ಕಣ್ಣು ಮಿಟುಕಿಸುತ್ತಲೇ ಇತ್ತು. ಗೋಡೆಗೂ ಕಿವಿಯಿರುತ್ತದೆ ಎಂದು ಹಿರಿಯರು ಹೇಳಿದ್ದಾರೆ, ನಾಲಿಗೆಯೂ ಇರುತ್ತದೆ ಎಂದು ಹೇಳಲು ಅವರಿಗೆ ಕಾರಣವಿರಲಿಲ್ಲ.

ಗುಟ್ಟು ಒಡೆದವನು ಓನರೇ. ಒಂದು ದಿನ ಖುದ್ದು ಬಂದು ನಿಂತ. ಸಾಲುಮನೆ ಕೆಡವಿ ಮಹಡಿ ಎಬ್ಬಿಸುವ ಆಸೆ ಅವನಿಗೆ ಹಳೆಯದು. ಹಳೆಯ ಬಾಡಿಗೆದಾರರನ್ನು ಸುಮ್ಮನೆ ಎಬ್ಬಿಸಲು ಕಾನೂನು ಬಿಡುವುದಿಲ್ಲ. ಆದರೆ ಬಾಡಿಗೆದಾರರು ವಾಸವೇ ಇಲ್ಲದ ಮನೆಯನ್ನು ಬಿಡಿಸಿಕೊಳ್ಳಬಹುದು. ಇಲ್ಲಿ ಯಾರೂ ವಾಸವಿಲ್ಲ, ಬಟ್ಟೆ ತುಂಬಿಡುವ ಗೋದಾಮು ಮಾಡಿಕೊಂಡಿದ್ದಾರೆ ಎಂದು ಬಾಡಿಗೆ ಅಧಿಕಾರಿಗೆ ದೂರು ಕೊಟ್ಟಿದ್ದೇನೆ ಎಂದ. ಯಾರು ಹೇಳಿದರು ಎಂದು ಮೇನಕ್ಕ ಕೇಳಿದಳು, ಕಣ್ಣು ನಾದಿನಿಯ ಮೇಲೆ. ಓನರು ಫೋನು ತಿರುಗಿಸಿ ಹಿಡಿದ.

"ಮೀಟರ್ ಹೇಳ್ತು. ನೋಡು, ಬೆಳಗ್ಗೆಯಿಂದ ಸಂಜೆತನಕ ದಿನಾ ಸೊನ್ನೆ. ಆ ಭಾನುವಾರ ರಾತ್ರಿನೂ ಸೊನ್ನೆ. ಮೆಷಿನ್ ಸುಳ್ಳು ಹೇಳುತ್ತಾ?"

ಸೊನ್ನೆಗಳ ಮೇಲೆ ಒಂದು ಹಸಿರು ಎಲೆಯ ಚಿತ್ರವಿತ್ತು. ಶಹಬ್ಬಾಸ್, ನಿಮ್ಮ ಮನೆ ಈ ಬೀದಿಯಲ್ಲೇ ಅತಿ ಕಡಿಮೆ ವಿದ್ಯುತ್ ಬಳಸಿದೆ ಎಂದು ಬರೆದಿತ್ತು. ಶಹಬ್ಬಾಸೂ ಅವನ ಫೋನಿಗೇ ಬಂದಿತ್ತು.

ಅವನು ಹೋದ ಮೇಲೆ ನಾದಿನಿ ಡಬ್ಬಿಯತ್ತ ಬೆರಳು ತೋರಿಸಿದಳು. "ಅಂದ್ರೆ ಅತ್ತಿಗೆ, ಚಾಡಿ ಹೇಳಿದ್ದು ಅದು, ನೀವು ಮಾತು ಬಿಟ್ಟಿದ್ದು ನನ್ನ ಜೊತೆ." ಮೇನಕ್ಕ ಎದ್ದು ಹೋಗಿ ಕಿಟಕಿಯ ಪರದೆ ಕಿತ್ತು ಹಾಕಿದಳು.

ವಿಚಾರಣೆಯಲ್ಲಿ ಕಂಡಕ್ಟರೇ ಬಂದು ಇವಳ ಪರವಾಗಿ ಸಾಕ್ಷಿ ಹೇಳಿದ. ಹೊಲಿಗೆ ಮೆಷಿನ್ನಿನ ಸದ್ದು ದಿನವಿಡೀ ಕೇಳುತ್ತೇನೆ, ಈಕೆ ಮನೆಯಲ್ಲೇ ಇರುತ್ತಾಳೆ ಅಂದ. ಅಧಿಕಾರಿ ಒಳ್ಳೆಯ ಮನುಷ್ಯನೇ. ಆದರೂ ಅವರ ಬಾಯಿಂದ ಬಂದದ್ದು, ಮನುಷ್ಯರಿಗೆ ಪಕ್ಷ ಇರುತ್ತದೆ, ಯಂತ್ರಕ್ಕೆ ಇರುವುದಿಲ್ಲ ಎಂಬ ಮಾತು. ಸ್ವಾಮಿ, ಯಂತ್ರಕ್ಕೆ ಪಕ್ಷವಿಲ್ಲ, ಬರೆಯುವ ನಾನೂ ಒಪ್ಪಿದೆ. ಅದನ್ನು ಕಿಸೆಯಲ್ಲಿಟ್ಟುಕೊಂಡವನಿಗೂ ಇಲ್ಲವೇ?

"ವಾಸ ಇರೋ ಮನೇಲಿ ಹಗಲು ಒಂದಿಷ್ಟಾದ್ರೂ ಕರೆಂಟ್ ಉರಿಯುತ್ತಲ್ಲಮ್ಮ" ಎಂದರು ಅಧಿಕಾರಿ.

"ನಾನು ಉಸಿರಾಡೋದು ಕರೆಂಟಿಂದಲ್ಲ ಸಾರ್" ಅಂದಳು ಮೇನಕ್ಕ. "ಯಾಕೆ ಆರಿಸ್ತೀನಿ ಅಂತ ಬೇಕಾದ್ರೆ ಮನೆಗೆ ಬಂದು ಕೇಳಿ. ಓನರ್ರನ್ನೂ ಕರ್ಕೊಂಡು ಬನ್ನಿ."

ಬಂದರು. ಮೇನಕ್ಕ ಅವರನ್ನು ಅಡುಗೆಮನೆಗೆ ಕರೆದೊಯ್ದಳು. ನಲ್ಲಿಯ ಪಕ್ಕದ ಗೋಡೆಗೆ ಒರಗಿಸಿದ್ದ ಮರದ ಹಲಗೆ ಸರಿಸಿದಳು. ಸ್ಟೂಲು ಹತ್ತಿ ಮೇನ್ ಏರಿಸಿದಳು. ಆಮೇಲೆ ಓನರನ ಕಡೆ ತಿರುಗಿ, ಅತಿಥಿಗೆ ನೀರು ಕೊಡುವಷ್ಟೇ ಮೆಲ್ಲಗೆ ಹೇಳಿದಳು: "ಈ ಗೋಡೆ ಮೇಲೆ ಒಂದ್ಸಲ ಕೈ ಇಡಿ. ರಕ್ತ ಓಡಾಡೋಕೆ ಒಳ್ಳೇದು."

ಓನರನ ಕೈ ಪ್ಯಾಂಟಿನ ಕಿಸೆಯಲ್ಲಿತ್ತು. ಅಲ್ಲೇ ಉಳಿಯಿತು. ಅಧಿಕಾರಿ ಅವನ ಮುಖ ನೋಡಿದರು, ಗೋಡೆ ನೋಡಿದರು, ಮತ್ತೆ ಮುಖ ನೋಡಿದರು. ನಾದಿನಿ ಬಾಗಿಲಲ್ಲಿ ನಿಂತು, ಮೆಷಿನ್ ಸುಳ್ಳು ಹೇಳಲ್ಲ ಸಾರ್, ಆದ್ರೆ ಅದಕ್ಕೆ ಗೋಡೆ ಮುಟ್ಟೋಕೆ ಕೈ ಇಲ್ಲ ನೋಡಿ ಅಂದಳು.

ದೂರು ವಜಾ ಆಯಿತು. ವೈರು ಬದಲಿಸಬೇಕೆಂದು ಆದೇಶವೂ ಆಯಿತು, ಇನ್ನೂ ಬದಲಾಗಿಲ್ಲ. ಮೇನಕ್ಕ ಈಗಲೂ ಬೆಳಿಗ್ಗೆ ಸ್ಟೂಲು ಹತ್ತುತ್ತಾಳೆ. ಹಗಲು ಒಂದು ಬಲ್ಬು ಹಾಕಿಡಮ್ಮ, ಯಾಕೆ ರಗಳೆ ಎಂದು ಅಧಿಕಾರಿ ಹೋಗುವಾಗ ಪಿಸುಗುಟ್ಟಿದ್ದರಂತೆ. ಉಳಿತಾಯ ಕಲಿಸಲು ಬಂದ ಮೀಟರಿನ ಕಣ್ಣಿಗೆ ಬದುಕಿದ್ದೇನೆ ಎಂದು ತೋರಿಸಲು ಸೂರ್ಯನ ಬೆಳಕಲ್ಲಿ ಬಲ್ಬು ಉರಿಸಬೇಕು! ಅವಳು ಉರಿಸಿಲ್ಲ. ಅತ್ತಿಗೆ ನಾದಿನಿಯರ ಮಾತು ಮರಳಿದೆ, ಮೊದಲಿನ ಹಾಗೆ ಅಲ್ಲ. ಅತ್ತಿಗೆ ಏನಾದರೂ ಹೇಳಿದರೆ ನಾದಿನಿ, "ನಿಜಾನಾ, ಇಲ್ಲ ಪರೀಕ್ಷೆನಾ?" ಎಂದು ಕೇಳುತ್ತಾಳೆ. ತಮಾಷೆಗೇ ಕೇಳುತ್ತಾಳೆ. ಮೇನಕ್ಕ ಪ್ರತಿ ಸಲವೂ ತಲೆ ತಗ್ಗಿಸಿ ದಾರ ಕತ್ತರಿಸುತ್ತಾಳೆ. ಈ ನಷ್ಟವನ್ನು ಯಾವ ಅಧಿಕಾರಿಯೂ ತುಂಬಿಸಿಕೊಡುವುದಿಲ್ಲ.

ಓನರನ ಫೋನಿಗೆ ವರದಿ ಹೋಗುವುದು ನಿಂತಿಲ್ಲ. ಸಂಪರ್ಕ ಅವರ ಹೆಸರಿನಲ್ಲಿದೆ, ನಾವೇನು ಮಾಡೋಣ ಎನ್ನುತ್ತದೆ ವಿದ್ಯುತ್ ಕಚೇರಿ. ಅಲ್ಲಿ ಬದುಕುವವರು ಯಾರು ಎಂಬ ಪ್ರಶ್ನೆಗೆ ಕಚೇರಿಯ ಕಾಗದದಲ್ಲಿ ಜಾಗವೇ ಇಲ್ಲವಂತೆ.

ಈಗ ನೀವು. ಇದನ್ನು ಓದಿ, ಅಯ್ಯೋ ಪಾಪ ಎಂದು ಪುಟ ಮಗುಚಬೇಡಿ. ಎದ್ದು ಹೋಗಿ ನಿಮ್ಮ ಬಾಗಿಲ ಪಕ್ಕದ ಡಬ್ಬಿ ನೋಡಿ. ನೀವು ಏಳುವುದು, ಮಲಗುವುದು, ಊರಿಗೆ ಹೋಗುವುದು, ಇದೆಲ್ಲ ಅದು ಯಾರ ಫೋನಿಗೆ ಹೇಳುತ್ತಿದೆ ಎಂದು ವಿದ್ಯುತ್ ಕಚೇರಿಗೆ ಹೋಗಿ ಕೇಳಿ. ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ. ನಿಮ್ಮ ಹೆಸರಿನ ಸಂಪರ್ಕವಿರುವ ಮನೆಯಲ್ಲಿ ಬಾಡಿಗೆಯವರು ಇದ್ದರೆ ಮೊದಲು ನಿಮ್ಮ ಫೋನು ತೆಗೆದು, ಅವರ ಮನೆಯನ್ನು ಅದರಿಂದ ಅಳಿಸಿ. ಇವತ್ತೇ.