ಬಂಗಾರ ಕೆಂಪಗಿರುತ್ತದೆ ಎಂದದ್ದಕ್ಕೆ

ನನಗೆ ಬಾಯಿ ಸ್ವಲ್ಪ ಮುಂದು. ಕಂಡದ್ದನ್ನು ಹೇಳುವವರು ಬಹಳ ಜನ ಇದ್ದಾರೆ. ನಾನು ಓದಿದ್ದನ್ನೇ ಕಂಡಷ್ಟು ಧೈರ್ಯವಾಗಿ ಹೇಳುವವಳು. ಈ ಚಟದ ದೆಸೆಯಿಂದ ಒಮ್ಮೆ ಸುರಪುರದಲ್ಲಿ ನನ್ನ ಮೂಗುಬೊಟ್ಟನ್ನು ನೀರು ಮಾಡಿಕೊಂಡೆ. ಕಳೆದುಕೊಂಡೆ ಎಂದಲ್ಲ, ನಿಜವಾಗಿಯೂ ಕರಗಿಸಿ ನೀರು ಮಾಡಿದೆ.

ಆಗ ನಿಜಾಮರ ಆಳ್ವಿಕೆ ಹೋಗಿ ಕೆಲವೇ ವರ್ಷಗಳಾಗಿದ್ದವು. ಶಾಲೆಯ ಬೋರ್ಡಿನಿಂದ ಹಾಜರಿ ಪುಸ್ತಕದವರೆಗೆ ಉರ್ದು ಇದ್ದದ್ದೆಲ್ಲ ಕನ್ನಡವಾಗುತ್ತಿತ್ತು. ಹೈದರಾಬಾದಿನಲ್ಲಿ ಉರ್ದುವಿನಲ್ಲೇ ವಿಜ್ಞಾನ ಕಲಿತ ನಾನು, ಅದನ್ನು ಕನ್ನಡದಲ್ಲಿ ಕಲಿಸಲು ಸುರಪುರದ ಹೆಣ್ಣುಮಕ್ಕಳ ಶಾಲೆಗೆ ಬಂದಿದ್ದೆ. ಪಠ್ಯಪುಸ್ತಕ ಇನ್ನೂ ಬಂದಿರಲಿಲ್ಲ. ಅದೇ ಊರಿನ ರಂಗಂಪೇಟೆಯ ಬಾಡಿಗೆ ಕೋಣೆಯಲ್ಲಿ ಕುಳಿತು ಪಾಠಗಳನ್ನು ನಾನೇ ಕನ್ನಡಕ್ಕೆ ತಿರುಗಿಸುತ್ತಿದ್ದೆ. ಆಮ್ಲ ಎಂಬ ಮಾತು ನನಗೂ ಹೊಸದು, ಹುಡುಗಿಯರಿಗೂ ಹೊಸದು. ತೇಜಾಬು ಎಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಹಾಗಾಗಿ ಹಲಗೆಯ ಮೇಲೆ ಆಮ್ಲ ಎಂದು ಬರೆದು ಬಾಯಲ್ಲಿ ತೇಜಾಬು ಎನ್ನುತ್ತಿದ್ದೆ.

ಒಂದು ದಿನ ಬೆಳಕಿನ ಪಾಠ ನಡೆದಿತ್ತು. ಹುಡುಗಿಯರು ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಲೆಂದೇ ಹೇಳಿದೆ: "ಬಂಗಾರ ಹಳದಿ ಅಂತ ತಿಳದೀರಲ್ಲ? ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಮಾಡಿ ನೀರಾಗ ತೇಲಿಬಿಟ್ರ ಅದು ಕೆಂಪಗ ಕಾಣ್ತದ." ಪರದೇಶದ ದೊಡ್ಡ ದೊಡ್ಡ ಪ್ರಾರ್ಥನಾಮಂದಿರಗಳ ಕಿಟಕಿಗಳಲ್ಲಿ ಮಾಣಿಕ್ಯದಂತೆ ಹೊಳೆಯುವ ಗಾಜಿಗೂ ಬಂಗಾರವೇ ಬಣ್ಣ ಕೊಡುತ್ತದೆ ಎಂದೂ ಸೇರಿಸಿದೆ. ನಾನು ಅಂಥ ಕಿಟಕಿ ನೋಡಿರಲಿಲ್ಲ. ಕೆಂಪು ಬಂಗಾರವನ್ನೂ ನೋಡಿರಲಿಲ್ಲ. ಎಲ್ಲವೂ ಕಾಲೇಜಿನ ಗ್ರಂಥಾಲಯದ ಕೃಪೆ.

ಏಳನೆಯ ತರಗತಿಯಲ್ಲಿದ್ದ ಒಂಬತ್ತು ಹುಡುಗಿಯರಲ್ಲಿ ಕಾಳವ್ವ ಒಬ್ಬಳು. ಪತ್ತಾರ ಮೌನಪ್ಪನ ಮಗಳು. ಪತ್ತಾರನೆಂದರೆ ನಮ್ಮ ಕಡೆ ಅಕ್ಕಸಾಲಿಗ. ಮರುದಿನ ಮೌನಪ್ಪ ತರಗತಿಯ ಬಾಗಿಲಲ್ಲಿ ನಿಂತಿದ್ದ.

"ಅಕ್ಕೋರ, ಬಂಗಾರ ಕೆಂಪ ಇರ್ತದಂತ ಹೇಳೀರೇನ್ರಿ?"

"ಹೇಳೀನ್ರಿ."

"ಕಾಸಿದಾಗ ಕೆಂಪಾಗ್ತದ, ಆರಿದ ಮ್ಯಾಲ ಹಳದಿನೇ. ನಮ್ಮ ಮುತ್ಯಾನ ಕಾಲದಿಂದ ಹಿಂಗ ನಡದದ. ನೀವು ಕಣ್ಣಿಲೆ ಕಂಡೀರೇನು?"

"ಇಲ್ರಿ. ಓದೀನಿ."

ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಕೆಂಪ ಬಂಗಾರ ಅಂದ್ರ ತಾಮ್ರ ಬೆರಕಿ ಮಾಡ್ಯಾನ ಅಂತ ನಮಗ ಬೈತಾರ್ರಿ. ನೀವು ಅದನ್ನೇ ಪಾಠ ಮಾಡಾಕತ್ತೀರಿ. ಸುಳ್ಳ ಕಲಿಸೋ ಸಾಲಿಗೆ ನನ್ನ ಮಗಳನ್ನ ಕಳಸೂದಿಲ್ಲ."

ಮುಖ್ಯೋಪಾಧ್ಯಾಯಿನಿ ಸಮಾಧಾನದ ಹೆಂಗಸು. ನನ್ನನ್ನು ಒಳಗೆ ಕರೆದು, "ಮಾತು ತಪ್ಪಿ ಬಂತು ಅಂತ ಹೇಳಿಬಿಡವಾ, ಮುಗೀತದ. ಒಬ್ಬಾಕಿನ್ನ ಬಿಡಿಸಿದ್ರ ನಾಕು ಮಂದಿ ಬಿಡಿಸ್ತಾರ" ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಮಾತು ತಪ್ಪಿರಲಿಲ್ಲ. ತಪ್ಪಿಲ್ಲದ್ದನ್ನು ತಪ್ಪೆಂದು ಒಪ್ಪಿಕೊಂಡರೆ ನಾಳೆ ಭೂಮಿ ಗುಂಡಗಿದೆ ಎನ್ನಲು ಯಾರ ಅಪ್ಪಣೆ ಕೇಳಬೇಕು? ಸಂಜೆ ಮೌನಪ್ಪನ ಅಂಗಡಿಗೆ ಹೋದೆ. ಮೂಗುಬೊಟ್ಟು ಬಿಚ್ಚಿ ಅವನ ಮುಂದಿಟ್ಟು, "ಇದನ್ನ ತೇಜಾಬಿನಾಗ ಕರಗಿಸಿ ಕೊಡ್ರಿ. ಕೆಂಪ ಮಾಡಿ ತೋರಸ್ತೀನಿ" ಎಂದೆ.

ಅವನು ಮೂಗುಬೊಟ್ಟನ್ನೂ ನನ್ನ ಬರಿ ಮೂಗನ್ನೂ ನೋಡಿದ. ಕಸುಬಿನಲ್ಲಿ ಮಾತ್ರ ಅವನು ಬಹಳ ನೇರ. ಬೆರಕೆ ತೆಗೆದು, ಎರಡು ತೇಜಾಬುಗಳನ್ನು ಕೂಡಿಸಿ, ಹಿತ್ತಲಲ್ಲಿ ಹೊಗೆ ಹೋಗಲು ಬಿಟ್ಟು, ಬಂಗಾರವನ್ನು ಪೂರ್ತಿ ಕರಗಿಸಿ ಸಣ್ಣ ಶೀಶೆಯಲ್ಲಿ ಕೊಟ್ಟ. "ನೋಡ್ರಿ, ನೀರಾದ್ರೂ ಹಳದಿನೇ. ಶುಕ್ರವಾರದ ತನಕ ಮಗಳನ್ನ ಕಳಸ್ತೀನಿ" ಎಂದ.

ಮುಂದಿನ ಕೆಲಸ ನನ್ನದು. ಈ ಹಳದಿ ನೀರಿನ ನಾಲ್ಕು ಹನಿಯನ್ನು ಬಿಸಿನೀರಿಗೆ ಬಿಟ್ಟು, ಅಳಲೆಕಾಯಿ ನೆನೆಸಿದ ನೀರನ್ನು ಹನಿಹನಿಯಾಗಿ ಹಾಕಬೇಕು. ಕರಗಿದ ಬಂಗಾರ ಮತ್ತೆ ಕಣವಾಗುತ್ತದೆ, ಆದರೆ ಕಣ್ಣಿಗೆ ಸಿಗದಷ್ಟು ಚಿಕ್ಕ ಕಣ. ಪುಸ್ತಕದಲ್ಲಿ ಇದು ಎರಡೇ ಸಾಲು. ನನ್ನ ಮೇಜಿನ ಮೇಲೆ ನಾಲ್ಕು ದಿನ. ಮೊದಲ ದಿನ ನೀರು ಬೂದಿಬಣ್ಣಕ್ಕೆ ತಿರುಗಿತು. ಎರಡನೆಯ ದಿನ ಮಾಸಿದ ನೀಲಿ. ಮೂರನೆಯ ದಿನವೂ ನೀಲಿ. ನಾಲ್ಕನೆಯ ದಿನ ಶುಕ್ರವಾರ. ಮೌನಪ್ಪ ತಾನೇ ಬಂದು ನಿಂತು ನೋಡಿದ. ಮತ್ತೆ ನೀಲಿ.

"ಕೆಂಪ ಅಂದಿದ್ರಿ, ನೀಲಿ ಬಂತಲ್ರಿ" ಎಂದು ಮಗಳ ಕಡೆ ತಿರುಗಿದ. "ಪಾಟಿ ಚೀಲ ತಗೋ, ನಡಿ."

ಕಾಳವ್ವ ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಗೆ ಹೋಗಲಿಲ್ಲ. ಗಾಜಿನ ಪಾತ್ರೆಯನ್ನೇ ನೋಡುತ್ತ, "ಅಕ್ಕೋರ, ಇದು ಸಾಲಿ ಬಾವಿ ನೀರೇನ್ರಿ?" ಎಂದಳು.

"ಹೌದು. ಯಾಕ?"

"ಈ ನೀರಾಗ ಬ್ಯಾಳಿ ಬೇಯೂದಿಲ್ರಿ. ನಮ್ಮವ್ವ ಬ್ಯಾಳಿಗೆ ಬ್ಯಾರೆ ನೀರು ತರ್ತಾಳ."

ನಾನು ಕಲಕುತ್ತಿದ್ದ ಗಾಜಿನ ಕಡ್ಡಿಯನ್ನು ಕೆಳಗಿಟ್ಟೆ. ಅಷ್ಟು ವರ್ಷ ಓದಿದವಳಿಗೆ ಹೊಳೆಯದ್ದು ಅಡುಗೆಮನೆಯಲ್ಲಿ ತಾಯಿಯ ಪಕ್ಕ ಕುಳಿತವಳಿಗೆ ಹೊಳೆದಿತ್ತು. ಬಾವಿಯ ಸವಳು ನೀರಿನಲ್ಲಿ ಬೇಳೆಯನ್ನು ಬೇಯಗೊಡದ ಉಪ್ಪಿನಂಶ ತುಂಬಿತ್ತು. ಬಂಗಾರದ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ಬಿಡಿಬಿಡಿಯಾಗಿ ತೇಲುತ್ತಿದ್ದರೆ ಕೆಂಪು. ಉಪ್ಪು ಆ ತಳ್ಳಾಟವನ್ನು ಅಡಗಿಸುತ್ತದೆ, ಕಣಗಳು ಗುಂಪುಗೂಡುತ್ತವೆ, ಬಣ್ಣ ನೀಲಿಗೆ ಹೊರಳುತ್ತದೆ.

"ಸೋಮವಾರದ ತನಕ ತಡೀರಿ" ಎಂದು ಮೌನಪ್ಪನಿಗೆ ಹೇಳಿದೆ. ಅವನು ಮಗಳ ಮುಖ ನೋಡಿ, "ಸೋಮವಾರ" ಎಂದಷ್ಟೇ ಹೇಳಿ ಹೋದ.

ಶನಿವಾರ ಬಸ್ಸು ಹಿಡಿದು ಶಹಾಪುರದ ದವಾಖಾನೆಗೆ ಹೋದೆ. ಸೂಜಿಮದ್ದು ಕಲಸಲು ಇಟ್ಟಿದ್ದ ಶುದ್ಧ ನೀರನ್ನು ಕಾಡಿ ಬೇಡಿ ಒಂದು ಬಾಟಲಿ ತಂದೆ. ಬರುವಾಗ ಪಕ್ಕದಲ್ಲಿ ಕುಳಿತ ಮುದುಕಿ ಬಾಟಲಿಗೆ ಕೈಮುಗಿದು, "ಗಂಗಾಜಲೇನವ್ವಾ?" ಎಂದಳು.

"ಅಲ್ಲಬೇ. ಇದರಾಗ ಏನೇನೂ ಇಲ್ಲ, ಬರೇ ನೀರು."

"ಏನೂ ಇಲ್ಲದ್ದಕ್ಕ ಇಷ್ಟು ಜ್ವಾಕಿ ಮಾಡಾಕತ್ತಿ?" ಎಂದು ಆಕೆ ನನ್ನ ಬಗ್ಗೆ ಮರುಕಪಟ್ಟು ಆಚೆ ಸರಿದು ಕುಳಿತಳು. ಎರಡು ತಾಸು ಕುಲುಕಾಟದಲ್ಲಿ ಕೂಸಿನಂತೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಸೋಮವಾರ ಬೆಳಿಗ್ಗೆ ಇಡೀ ಶಾಲೆ ನನ್ನ ಮೇಜಿನ ಸುತ್ತ ನೆರೆದಿತ್ತು. ಮೌನಪ್ಪ ಎಲ್ಲರಿಗಿಂತ ಮುಂದೆ. ಪಾತ್ರೆ ತೊಳೆದದ್ದೂ ಅಳಲೆಕಾಯಿ ನೆನೆಸಿದ್ದೂ ದವಾಖಾನೆಯ ಆ ನೀರಿನಲ್ಲೇ. ಹಳದಿ ಹನಿ ಬಿಟ್ಟೆ, ಬಿಸಿ ಮಾಡಿದೆ, ಅಳಲೆಯ ನೀರು ಹಾಕಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆ ಸ್ವಲ್ಪ ಹೊತ್ತಿನಲ್ಲಿ ನಾನು ಕೆಲಸಕ್ಕೆ ರಾಜೀನಾಮೆ ಬರೆದು ಹೈದರಾಬಾದು ಮುಟ್ಟಿದ್ದೆ. ಆಮೇಲೆ ನೀರಿನ ನಡುವೆ ನಸುಗೆಂಪು ಕಂಡಿತು, ಹರಡಿತು, ದಾಳಿಂಬೆಯ ರಸದಂತೆ ತುಂಬಿತು.

ಮೌನಪ್ಪ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. "ಇದು ನಾ ಕರಗಿಸಿ ಕೊಟ್ಟ ಬಂಗಾರೇನ್ರಿ?"

"ಅದೇ. ಒಂದು ಚಿಟಿಕಿ ಉಪ್ಪು ಹಾಕ್ರಿ."

ಅವನೇ ಹಾಕಿದ. ಕಣ್ಣೆದುರಿಗೇ ಕೆಂಪು ನೇರಳೆಯಾಗಿ, ನೇರಳೆ ನೀಲಿಯಾಯಿತು. ಹುಡುಗಿಯರು ಹೋ ಎಂದರು.

ಅದರ ಕಾರಣವನ್ನು ಸಲೀಸಾಗಿ ಹೇಳಲು ನನಗೆ ಆಮೇಲೆ ಎಷ್ಟೋ ವರ್ಷ ಹಿಡಿಯಿತು. ಲೋಹದೊಳಗೆ ಬಿಡುಬೀಸಾಗಿ ಓಡಾಡುವ ಎಲೆಕ್ಟ್ರಾನುಗಳಿರುತ್ತವೆ. ಕಣ ತೀರ ಚಿಕ್ಕದಾದಾಗ ಅವಕ್ಕೆ ಓಡಲು ಜಾಗವಿಲ್ಲ. ಬೆಳಕು ಬಂದು ತಟ್ಟಿದರೆ ಎಲ್ಲವೂ ಒಟ್ಟಿಗೆ ಅತ್ತಿತ್ತ ತೂಗುತ್ತವೆ. ಒಂಟಿ ಕಣದ ತೂಗಾಟಕ್ಕೆ ಹಸಿರು ಬೆಳಕು ಹೊಂದುತ್ತದೆ, ಕಣ ಅದನ್ನು ನುಂಗುತ್ತದೆ. ನಮಗೆ ಉಳಿಯುವುದು ಕೆಂಪು. ಕಣಗಳು ಒತ್ತಿಕೊಂಡು ಗುಂಪಾದರೆ ಒಂದರ ತೂಗಾಟ ಪಕ್ಕದ್ದನ್ನು ಎಳೆದು, ಎಲ್ಲದರ ಓಲಾಟ ನಿಧಾನವಾಗುತ್ತದೆ. ಆಗ ಅವು ಕೆಂಪನ್ನೇ ನುಂಗತೊಡಗುತ್ತವೆ. ಉಳಿಯುವುದು ನೀಲಿ. ಬಂಗಾರ ಬದಲಾಗಿರುವುದಿಲ್ಲ, ನೆರೆಹೊರೆ ಬದಲಾಗಿರುತ್ತದೆ.

ಮೌನಪ್ಪ ನನ್ನ ಕ್ಷಮೆ ಕೇಳಲಿಲ್ಲ, ನಾನೂ ಬಯಸಿರಲಿಲ್ಲ. ಹುಡುಗಿಯರ ಕಡೆ ತಿರುಗಿ, "ಅಕ್ಕೋರು ಹೇಳಿದ್ದು ಖರೆ ಅದ. ಕಾಳಿ, ಕುಂದರು" ಎಂದ. ಕಾಳವ್ವ ಕುಳಿತಳು. ಮುಂದೆ ಅವಳು ಮೆಟ್ರಿಕ್ ಮುಗಿಸಿ, ಯಾದಗಿರಿಯ ಶಾಲೆಯೊಂದರಲ್ಲಿ ವಿಜ್ಞಾನವನ್ನೇ ಕಲಿಸಿದಳು.

ಮೌನಪ್ಪನಿಗೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ವಾರ ಕಳೆದ ಮೇಲೆ ಬಂದು, "ಬೆಳ್ಳಿ ಯಾವ ಬಣ್ಣ ಆಗ್ತದ್ರಿ?" ಎಂದು ಕೇಳಿದ.

"ಗೊತ್ತಿಲ್ರಿ" ಎಂದೆ. ಆ ಮಾತು ಇಷ್ಟು ಹಗುರವಾಗಿರುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. "ಹಂಗಾರ ನೋಡೇಬಿಡೂಣ" ಎಂದು ಅವನು ಅಂಗಿಯ ಜೇಬಿನಿಂದ ಕರಗಿಸಿ ತಂದಿದ್ದ ಬೆಳ್ಳಿಯ ಶೀಶೆ ತೆಗೆದ. ಅದೇ ನೀರು, ಅದೇ ಅಳಲೆ. ಇಬ್ಬರೂ ಬಗ್ಗಿ ಕಾದೆವು. ಪಾತ್ರೆಯ ನೀರು ನಿಧಾನವಾಗಿ ಹಳದಿಯಾಯಿತು. ಥಳಥಳಿಸುವ, ಅಪ್ಪಟ ಬಂಗಾರದ ಹಳದಿ.

ಮೌನಪ್ಪ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಅಕ್ಕೋರ, ಇದೊಂದು ಮಾತ್ರ ಪಾಠದಾಗ ಹೇಳಬ್ಯಾಡ್ರಿ. ಬೆಳ್ಳಿಗೆ ಬಂಗಾರದ ಬಣ್ಣ ಕಟ್ಟಿ ಮಾರ್ತಾನಂತ ನನ್ನ ಅಂಗಡಿಗೆ ಒಬ್ಬರೂ ಬರೂದಿಲ್ಲ."

ನಾನು ಹೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಓದಿ ಅಲ್ಲ, ಕಣ್ಣಾರೆ ಕಂಡೂ ಬಾಯಿ ಮುಚ್ಚಿಕೊಂಡ ಸಂಗತಿ ಇದೊಂದೇ.